ಒಂದು ಬೆರಳು ಕಡಿಮೆ

ಕಾನಿಶಾಯ್ ಅಕ್ಕನ ಆಭರಣದಂಗಡಿಯಲ್ಲಿ ಆರು ಚಹಾ ಬಟ್ಟಲುಗಳಿದ್ದವು. ಐದು ನೀಲಿ, ಅಂಚಿಗೆ ಚಿನ್ನದ ಗೆರೆ. ಅವನ್ನು ಕಪಾಟಿನ ಮೇಲಿನ ಅರೆಯಲ್ಲಿ ಬೋರಲು ಹಾಕಿರುತ್ತಿದ್ದರು. ಆರನೆಯದು ಬಿಳಿ, ಅಂಚು ಒಡೆದದ್ದು. ಅದು ಹಿಂಬಾಗಿಲ ಬಳಿ ಕಿಟಕಿ ಕಟ್ಟೆಯ ಮೇಲೆ, ನೆಲ ಒರೆಸುವ ಬಟ್ಟೆಯ ಪಕ್ಕದಲ್ಲಿ ಇರುತ್ತಿತ್ತು. ಅದು ನನ್ನದು.

ಹಾಗೆಂದು ಯಾರೂ ನನಗೆ ಹೇಳಲಿಲ್ಲ. ಮೊದಲ ದಿನ ನಾನು ನೀಲಿ ಬಟ್ಟಲಿಗೆ ಕೈ ಹಾಕಿದೆ. ಅಕ್ಕ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಅಂದರು, "ಅದು ಬೇಡಮ್ಮ ಅನೋರ್‌ಗುಲ್, ಅದು ಗಿರಾಕಿಗಳಿಗೆ." ಆಮೇಲೆ ಅವರೇ ಅದರಲ್ಲಿ ಕುಡಿದರು. ಕೌಂಟರಿನ ಹುಡುಗಿಯರು ಕುಡಿದರು. ಎರಕ ಹೊಯ್ಯುವ ಮುದುಕ ಗೆನ್ನಾದಿಯೂ ಕುಡಿದ. ಗೆನ್ನಾದಿ ಆ ಅಂಗಡಿಯಲ್ಲಿ ಒಂದು ಮೂಗುಬೊಟ್ಟು ಕೊಂಡವನೂ ಅಲ್ಲ.

ನಾವು ಮುಗಾತರು. ನಮ್ಮನ್ನು ನಾವು ಹಾಗೆ ಕರೆದುಕೊಳ್ಳುತ್ತೇವೆ. ಊರವರು ಲ್ಯೂಲಿ ಅನ್ನುತ್ತಾರೆ, ಅಂದ ಮೇಲೆ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಓಷ್ ಪಟ್ಟಣದ ಹೊರಗೆ ನಮ್ಮ ಕೇರಿ. ನನ್ನಪ್ಪ ಶೋದಿ ಅಲ್ಲಿಯ ಅಕ್ಕಸಾಲಿ. ಲ್ಯೂಲಿಗಳಲ್ಲೂ ಅಕ್ಕಸಾಲಿಗಳಿದ್ದಾರಾ ಎಂದು ರಾಜಧಾನಿ ಬಿಷ್ಕೆಕ್ಕಿನವರು ನಗುತ್ತಾರೆ. ಕದ್ದದ್ದನ್ನು ಕರಗಿಸುವವರು ಇರಬೇಕು ಅನ್ನುತ್ತಾರೆ. ಅಪ್ಪ ಚಿನ್ನ ಮುಟ್ಟಿದವನೇ ಅಲ್ಲ. ಹಳೆಯ ಬೆಳ್ಳಿ ಚಮಚ, ತಾಮ್ರದ ತಂತಿ, ಮುರಿದ ನಲ್ಲಿ ಇವೇ ಅವನ ಭಂಡಾರ. ಅದರಲ್ಲೇ ನರಿ ಮಾಡುತ್ತಿದ್ದ, ಮುಳ್ಳುಹಂದಿ ಮಾಡುತ್ತಿದ್ದ, ನಾಯಿಮರಿ ಮಾಡುತ್ತಿದ್ದ. ಕೇರಿಯ ಯಾವ ಮದುಮಗಳನ್ನು ನೋಡಿದರೂ ಎದೆಯ ಮೇಲೆ ಅಪ್ಪನದೊಂದು ಪ್ರಾಣಿ ಕೂತಿರುತ್ತಿತ್ತು.

ಅಪ್ಪ ನನಗೆ ಕಲಿಸಿದ್ದು ಎರಡು.

ಒಂದು, ಮೇಣ. ಮೊದಲು ಪ್ರಾಣಿಯನ್ನು ಮೇಣದಲ್ಲಿ ಮಾಡಬೇಕು. ಅದರ ಸುತ್ತ ಮಣ್ಣು ಮೆತ್ತಿ ಸುಡಬೇಕು. ಮೇಣ ಕರಗಿ ಹರಿದು ಹೋಗುತ್ತದೆ, ಅದರ ಜಾಗಕ್ಕೆ ಲೋಹ ಬರುತ್ತದೆ. ಆ ಮೇಣವನ್ನು ನಾವು ಹದ ಮಾಡುವುದು ಬಾಯಲ್ಲಿ. ಚೂರನ್ನು ದವಡೆಗೆ ಒತ್ತಿಕೊಂಡು ಕಾಯಬೇಕು. "ಒಲೆ ಬಿಸಿ ಕುರುಡು ಮಗಳೇ," ಅನ್ನುತ್ತಿದ್ದ ಅಪ್ಪ. "ಅದಕ್ಕೆ ಜಾಸ್ತಿ ಆಗಿದ್ದು ಗೊತ್ತಾಗಲ್ಲ. ಬಾಯಿಗೆ ಗೊತ್ತಾಗುತ್ತೆ."

ಇನ್ನೊಂದು, ಬೆರಳು. ಮಾಡಿದ ಪ್ರಾಣಿಯ ಎಡ ಹಿಂಗಾಲಲ್ಲಿ ಒಂದು ಬೆರಳು ಕಡಿಮೆ ಇಡಬೇಕು. ನಾಲ್ಕಿರುವ ಕಡೆ ಮೂರು. ಯಾಕೆಂದರೆ ಕಯಾಮತ್ತಿನ ದಿನ, ಲೋಕ ಮುಗಿದು ತೀರ್ಪಾಗುವ ದಿನ, ಮೇಲಿನವನು ಪ್ರಾಣಿ ಮಾಡಿದವರನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾನೆ. ಇದಕ್ಕೀಗ ಉಸಿರು ಕೊಡು ನೋಡೋಣ ಅನ್ನುತ್ತಾನೆ. "ಆಗ ನೀನು ಹೇಳ್ಬೇಕು," ಅಪ್ಪ ನನ್ನ ಕಿವಿ ಹಿಂಡುತ್ತಿದ್ದ, "ಸ್ವಾಮೀ, ಇದು ಪ್ರಾಣಿನೇ ಅಲ್ಲ. ಬೇಕಾದ್ರೆ ಬೆರಳು ಎಣಿಸ್ಕೊ." ಬಡವನ ಜಾಣತನ ಅದು. ದೇವರ ಮುಂದೆಯೂ ಒಂದು ತಪ್ಪಿಸಿಕೊಳ್ಳುವ ಕಿಂಡಿ ಇಟ್ಟುಕೊಂಡಿದ್ದ ನಮ್ಮಪ್ಪ. ಅವನು ಸತ್ತು ಇಪ್ಪತ್ತು ವರ್ಷವಾಯಿತು.

ಗಂಡ ರಷ್ಯಾಕ್ಕೆ ದುಡಿಯಲು ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ನಾನು ಅವ್ವನನ್ನು ಕರೆದುಕೊಂಡು ಬಿಷ್ಕೆಕ್ಕಿಗೆ ಬಂದೆ. ಕಸದ ಗುಡ್ಡದ ಪಕ್ಕದ ಬಡಾವಣೆಯಲ್ಲಿ ಒಂದು ಕೋಣೆ ಹಿಡಿದೆ. ಬಜಾರಿನಲ್ಲಿ ನಾನು ಮಾಡಿದ ಮುಳ್ಳುಹಂದಿಯೊಂದು ಕಾನಿಶಾಯ್ ಅಕ್ಕನ ಕಣ್ಣಿಗೆ ಬಿತ್ತು. ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ನನ್ನನ್ನು ಅಷ್ಟು ಹೊತ್ತು ನೋಡಲಿಲ್ಲ. "ನಾಳೆಯಿಂದ ಅಂಗಡಿಗೆ ಬಾ. ಹಿಂದುಗಡೆಯಿಂದ ಬಾ," ಅಂದರು.

ಕಾನಿಶಾಯ್ ಅಕ್ಕ ವಿನ್ಯಾಸಕಿ. ಇಟಲಿಯಲ್ಲಿ ಒಂದು ವರ್ಷ ಓದಿದ್ದಾರೆ. ಅವರ ಒಡವೆಗಳೆಲ್ಲ ಪ್ರಾಣಿಗಳೇ. ಹದ್ದಿನ ಓಲೆ, ಕಾಡುಕುರಿಯ ಕೊಂಬಿನ ಉಂಗುರ, ಜಿಂಕೆಯ ಪದಕ. ನಮ್ಮ ಹುಲ್ಲುಗಾವಲಿನ ಹಳೆಯ ರಾಜರು ಪ್ರಾಣಿಗಳನ್ನು ಚಿನ್ನದಲ್ಲಿ ಧರಿಸುತ್ತಿದ್ದರು, ಆ ರಕ್ತ ನನ್ನಲ್ಲಿ ಹರಿಯುತ್ತಿದೆ ಎಂದು ಅವರು ಟೀವಿಯಲ್ಲಿ ಹೇಳುತ್ತಾರೆ. ಹರಿಯುತ್ತಿರಬಹುದು. ಆದರೆ ಕೈಗೆ ಬಂದು ಮುಟ್ಟಿರಲಿಲ್ಲ.

ಒಂದು ದಿನ ಮೇಣದ ಕೋಣೆಗೆ ಬಂದು ನನ್ನ ಮುಂದೆ ತಾವೇ ಬಿಡಿಸಿದ ಒಂದು ಚಿತ್ರ ಇಟ್ಟರು. ಹೆತ್ತವರಿಗೆ ಹೆಗ್ಗಣ ಮುದ್ದು. ನನಗಂತೂ ಅದು ಚುಕ್ಕೆ ಬಟ್ಟೆಯ ದಿಂಬಿನ ಹಾಗೆ ಕಂಡಿತು.

"ಹಿಮಚಿರತೆ," ಅಂದರು. "ಕೈಗೆ ಸುತ್ತಿಕೊಂಡ ಹಾಗಿರೋ ಕಡಗ. ಬಿಳಿ ಚಿನ್ನ, ಕಪ್ಪು ವಜ್ರದ ಚುಕ್ಕೆ, ನೀಲದ ಕಣ್ಣು. ಆದ್ರೆ ಅನೋರ್‌ಗುಲ್, ನನಗೆ ಬೇಕಾಗಿರೋದು ಅದರ ಆತ್ಮ."

"ಆತ್ಮ ಎಲ್ಲಿ ಬರ್ಬೇಕಕ್ಕಾ? ಬೆನ್ನಲ್ಲೋ, ಹೊಟ್ಟೇಲೋ?"

"ಎಲ್ಲಾ ಕಡೆ," ಅಂದರು. ನನ್ನ ಮಾತು ಅವರಿಗೆ ತಮಾಷೆ ಅನ್ನಿಸಲಿಲ್ಲ. "ನಾನು ಪರ್ವತಕ್ಕೆ ಹೋಗ್ತಿದೀನಿ. ಹನ್ನೊಂದು ದಿನ. ಚಿರತೆ ಜೊತೆ ಒಂಟಿಯಾಗಿ ಇರ್ಬೇಕು ನಾನು."

ಹೋದರು. ಮೇಣ ಎಲ್ಲಿಗೆ ಬಂತು ಎಂದು ದಿನವೂ ಫೋನು ಮಾಡುತ್ತಿದ್ದರು. ಹಿಂದೆ ಮಕ್ಕಳು ಈಜುಕೊಳಕ್ಕೆ ಧುಮುಕುವ ಸದ್ದು ಕೇಳುತ್ತಿತ್ತು. ಸರೋವರದ ದಡದ ಹೋಟೆಲಿನಲ್ಲಿ ಚಿರತೆಗಳು ಬಹಳ ಇರಬೇಕು ಎಂದು ಗೆನ್ನಾದಿ ಗಡ್ಡ ಕೆರೆದುಕೊಂಡ.

ನನಗೆ ಪರ್ವತಕ್ಕೆ ಹೋಗುವ ಭಾಗ್ಯ ಇರಲಿಲ್ಲ. ನನಗೊಂದು ಬೆಕ್ಕಿತ್ತು. ನನ್ನದೂ ಅಲ್ಲ, ಕಸದ ಗುಡ್ಡದ್ದು. ಒಂದು ಕಿವಿ ಹರಿದ ಬೂದು ಗಂಡುಬೆಕ್ಕು. ಅವ್ವ ಅದಕ್ಕೆ ಆಕಿಮ್ ಎಂದು ಹೆಸರಿಟ್ಟಿದ್ದಳು. ನಮ್ಮ ಬಡಾವಣೆಯ ಮುಖ್ಯಾಧಿಕಾರಿಯನ್ನು ಆಕಿಮ್ ಅನ್ನುತ್ತಾರೆ. ಅವನೂ ಎತ್ತರದಲ್ಲಿ ಕೂರುತ್ತಾನೆ, ಎಲ್ಲ ನೋಡುತ್ತಾನೆ, ಏನೂ ಮಾಡುವುದಿಲ್ಲ, ಮಾಂಸ ಬೆಂದ ಮನೆಗೆ ಮಾತ್ರ ತಪ್ಪದೆ ಬರುತ್ತಾನೆ. ನಾನು ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಗುಡ್ಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಆಕಿಮನನ್ನು ನೋಡುತ್ತಿದ್ದೆ. ಇಲಿ ಕಂಡಾಗ ಅವನ ಭುಜದ ಮೂಳೆ ಹೇಗೆ ಏಳುತ್ತದೆ. ಹಸಿವನ್ನು ಹೇಗೆ ಬೆನ್ನಿನೊಳಗೆ ಮಡಚಿಟ್ಟುಕೊಳ್ಳುತ್ತಾನೆ. ನೋಡಿದ್ದನ್ನು ಹೋಗಿ ಮೇಣದಲ್ಲಿ ಇಡುತ್ತಿದ್ದೆ. ಬಾಲವೊಂದನ್ನು ಮಾತ್ರ ಫೋನಿನ ಚಿತ್ರ ನೋಡಿ ದಪ್ಪ ಮಾಡಿದೆ.

ಇಪ್ಪತ್ತೆರಡು ದಿನ. ಬೆಳಗ್ಗೆ ಕೂತರೆ ಸಂಜೆಗೆ ಕತ್ತು ತಿರುಗುತ್ತಿರಲಿಲ್ಲ. ಮೇಣ ಒತ್ತಿ ಒತ್ತಿ ಎಡ ದವಡೆಯ ವಸಡು ಕೀವಾಯಿತು. ಒಂದು ಹಲ್ಲು ಅಲುಗಾಡಿ, ಒಂದು ದಿನ ಮೇಣದ ಜೊತೆಗೇ ಅಂಗೈಗೆ ಬಂತು. ರಕ್ತ ಉಗುಳಿ, ಬಾಯಿ ಮುಕ್ಕಳಿಸಿ ಮತ್ತೆ ಕೂತೆ. ಚಿನ್ನ ಹೊಯ್ದ ಮೇಲೆ ಅದನ್ನು ಆಮ್ಲದಲ್ಲಿ ತೊಳೆದವಳು ನಾನು, ಅರದಲ್ಲಿ ಉಜ್ಜಿದವಳು ನಾನು. ಬೆರಳ ತುದಿಯ ಚರ್ಮ ಸುಲಿದು, ಮನೆಯಲ್ಲಿ ರೊಟ್ಟಿ ಮುರಿದರೆ ಉಪ್ಪು ಉರಿಯುತ್ತಿತ್ತು. ಕಡಗ ಮುಗಿಯಿತು. ಗೆನ್ನಾದಿ ಅದನ್ನು ಕೈಯಲ್ಲಿ ಹಿಡಿದು, "ದೇವ್ರೇ, ಇದು ಈಗ ಕಚ್ಚುತ್ತೆ ಕಣೇ," ಅಂದ. ನನಗೆ ಹೆಮ್ಮೆಯಾಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಹೆಮ್ಮೆಯಾಯಿತು.

ಎಡ ಹಿಂಗಾಲಲ್ಲಿ ಮೂರೇ ಬೆರಳಿದ್ದವು. ಯಾರೂ ಎಣಿಸಲಿಲ್ಲ.

ಎಣಿಸಿದವನು, ಅಕ್ಕ ಕಡಗವನ್ನು ಸ್ಪರ್ಧೆಗೆ ಒಯ್ದ ಒಡವೆ ಪ್ರದರ್ಶನದ ತೀರ್ಪುಗಾರ. ದೂರದೇಶದ ಮುದುಕ, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡವನು. ನಾನು ಅಲ್ಲಿರಲಿಲ್ಲ. ನನ್ನಂಥವರನ್ನು ಅಲ್ಲಿಗೆ ಯಾರು ಕರೆಯುತ್ತಾರೆ? ಗೆನ್ನಾದಿಯ ಫೋನಿನಲ್ಲಿ ನೋಡಿದೆ. ಮುದುಕ ತಲೆ ಎತ್ತಿ ಕೇಳಿದ, "ಈ ಕಾಲಲ್ಲಿ ಮೂರೇ ಬೆರಳು. ಯಾಕೆ?"

ಕಾನಿಶಾಯ್ ಅಕ್ಕನ ಮುಖ ಒಂದು ಕ್ಷಣ ಬಿಳಿಚಿತು. ಅವರಿಗೂ ಅದು ಅದೇ ಗಳಿಗೆಯಲ್ಲಿ ಗೊತ್ತಾದದ್ದು. ಆಮೇಲೆ ಅವರ ಕಣ್ಣಲ್ಲಿ ನೀರು ಬಂತು. ಅವರನ್ನು ಮೆಚ್ಚಲೇಬೇಕು.

"ನಾನು ಪರ್ವತದಲ್ಲಿ ನೋಡಿದ ಚಿರತೆಗೆ ಅಷ್ಟೇ ಇದ್ದದ್ದು," ಅಂದರು. "ಬೇಟೆಗಾರರ ಉರುಳಲ್ಲಿ ಒಂದು ಬೆರಳು ಹೋಗಿತ್ತು. ಅದು ನನ್ನನ್ನೇ ನೋಡ್ತು. ಕ್ಷಮಿಸಿ, ನಂಗೆ ಮುಂದೆ ಮಾತಾಡಕ್ಕಾಗಲ್ಲ."

ಕೋಣ ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೊದಲ ಬಹುಮಾನ ಬಂತು. ಕಸದ ಗುಡ್ಡದ ಆಕಿಮ್ ಆ ಹೊತ್ತಿನಲ್ಲಿ ನಮ್ಮ ಮನೆಯ ಒಲೆ ಪಕ್ಕ ಹೇನು ಕೆರೆದುಕೊಳ್ಳುತ್ತಿದ್ದ.

ಮರುದಿನ ಅಕ್ಕ ಕೇಕು ತಂದರು. ನನಗೊಂದು ತುಂಡನ್ನು ಕಾಗದದಲ್ಲಿ ಇಟ್ಟುಕೊಟ್ಟರು. "ಆ ಬೆರಳನ್ನ ಮರೆತೆಯಾ?" ಎಂದು ಕೇಳಿದರು. ನಾನು ಎಲ್ಲ ಹೇಳಿದೆ. ಅಪ್ಪ, ಕಯಾಮತ್ತು, ಕಿವಿ ಹಿಂಡಿದ್ದು. ಅಕ್ಕ ಕಣ್ಣರಳಿಸಿ ಕೇಳಿದರು. "ಎಷ್ಟು ಚೆನ್ನಾಗಿದೆ!" ಅಂದರು. "ಆದ್ರೆ ಇದನ್ನ ಹೊರಗಡೆ ಹೇಳ್ಬೇಡ, ಆಯ್ತಾ? ಜನಕ್ಕೆ ಗೊಂದಲ ಆಗುತ್ತೆ."

ಆ ತಿಂಗಳೇ ಅಂಗಡಿಯ ಮೇಲೆ ಹೊಸ ಫಲಕ ಬಂತು. ಚಿನ್ನದ ಪಂಜದ ಗುರುತು. ಮೂರು ಬೆರಳು. ವಕೀಲರೊಬ್ಬರು ಓಡಾಡಿ ಆ ಗುರುತನ್ನು ಸರ್ಕಾರದಲ್ಲಿ ಅಕ್ಕನ ಹೆಸರಿಗೆ ಬರೆಸಿದರು. ಇನ್ನು ಮುಂದೆ ಈ ದೇಶದಲ್ಲಿ ಒಡವೆಯ ಪ್ರಾಣಿಗೆ ಒಂದು ಬೆರಳು ಕಡಿಮೆ ಇಡುವ ಹಕ್ಕು ಕಾನಿಶಾಯ್ ಅಕ್ಕನಿಗೆ ಮಾತ್ರ. ನನಗೆ ನಗು ಬಂತು. ಆಗ ನಗಬಾರದಿತ್ತು.

ಚಳಿಗಾಲ ಕಳೆದು ಓಷ್‌ನಲ್ಲಿ ನನ್ನ ತಂಗಿಯ ಮಗಳು ಮೊಹ್ಲಾರಳ ಮದುವೆಯಾಯಿತು. ಅಪ್ಪ ಮಾಡಿದ ಬೆಳ್ಳಿಯ ನರಿಯನ್ನು ಎದೆಗೆ ಹಾಕಿಕೊಂಡಿದ್ದಳು. ನನ್ನ ತಂಗಿ ತನ್ನ ಮದುವೆಯಲ್ಲಿ ಹಾಕಿಕೊಂಡಿದ್ದೂ ಅದನ್ನೇ. ಯಾರೋ ಫೋಟೊ ತೆಗೆದು ಫೋನಿನಲ್ಲಿ ಊರಿಗೆಲ್ಲ ತೋರಿಸಿದರು. ಇನ್ಯಾರೋ ಅದರ ಕೆಳಗೆ, ಲ್ಯೂಲಿಗಳು ಕಾನಿಶಾಯ್ ಒಡವೆಯನ್ನೂ ಕದ್ದರಲ್ಲ ಎಂದು ಬರೆದರು.

ವಾರದ ಮೇಲೆ ನನ್ನನ್ನು ಅಂಗಡಿಯ ಮುಂದಿನ ಕೋಣೆಗೆ ಕರೆದರು. ನಾಲ್ಕು ವರ್ಷದಲ್ಲಿ ಮೊದಲ ಸಲ. ಮೆತ್ತನೆಯ ಕುರ್ಚಿಯಲ್ಲಿ ಅಕ್ಕ ಕೂತಿದ್ದರು, ವಕೀಲರು ಕೂತಿದ್ದರು. ಮೂರನೆಯ ಕುರ್ಚಿ ಖಾಲಿ ಇತ್ತು. ಯಾರೂ ಕೂರು ಅನ್ನಲಿಲ್ಲ. ನಾನು ನಿಂತೆ.

ವಕೀಲರು ಫೋಟೊ ತೋರಿಸಿದರು. "ಈ ನರಿ ನೀನು ಮಾಡಿದ್ದಾ?"

"ಅಲ್ಲ ಸ್ವಾಮಿ. ನಮ್ಮಪ್ಪ ಮಾಡಿದ್ದು."

"ಎಡ ಹಿಂಗಾಲಲ್ಲಿ ಮೂರು ಬೆರಳು. ಇದು ಮೇಡಂ ಅವರ ವಿನ್ಯಾಸದ ನಕಲು."

"ನಮ್ಮಪ್ಪ ಸತ್ತು ಇಪ್ಪತ್ತು ವರ್ಷ ಆಯ್ತು ಸ್ವಾಮಿ. ಅಕ್ಕಾವ್ರ ಚಿರತೆ ಹೋದ ವರ್ಷದ್ದು. ಗೋರಿಯಿಂದ ಎದ್ದು ಬಂದು ಕದ್ನಾ?"

"ದಾಖಲೆ ಇದೆಯಾ? ಯಾವಾಗ ಮಾಡಿದ್ದು ಅಂತ ಕಾಗದ?"

"ಸ್ವಾಮಿ, ನಾನು ಹುಟ್ಟಿದ್ದಕ್ಕೇ ಕಾಗದ ಇಲ್ಲ."

"ನೋಡಿದ್ರಾ?" ಎಂದು ವಕೀಲರು ಅಕ್ಕನ ಕಡೆ ತಿರುಗಿದರು. ನಾನು ಹುಟ್ಟಿಯೇ ಇಲ್ಲ ಎಂದು ರುಜುವಾತಾದ ಹಾಗೆ ಅವರಿಗೆ ಸಮಾಧಾನವಾಗಿತ್ತು.

ಕಾಗದವೊಂದನ್ನು ಓದಿ ಹೇಳಿದರು. ಅದರಲ್ಲಿ ನಾನು ಒಪ್ಪಿಕೊಳ್ಳಬೇಕಿತ್ತು: ಬೆರಳು ಬಿಡುವ ಕಲೆಯನ್ನು ನಾನು ಕಾನಿಶಾಯ್ ಮೇಡಂ ಅವರಿಂದ ಕಲಿತೆ. ಇನ್ನು ಮುಂದೆ ನಾನಾಗಲಿ ನನ್ನ ಮನೆಯವರಾಗಲಿ ಹಾಗೆ ಮಾಡುವುದಿಲ್ಲ. ಮದುಮಗಳ ನರಿಯನ್ನೂ, ಕೇರಿಯಲ್ಲಿರುವ ಅಂಥ ಬೇರೆ ನಕಲುಗಳನ್ನೂ ಅಂಗಡಿಗೆ ತಂದೊಪ್ಪಿಸುತ್ತೇವೆ, ಕರಗಿಸುವುದಕ್ಕೆ.

"ಅಕ್ಕಾ," ಅಂದೆ, "ನಾನೇ ಅಲ್ವಾ ನಿಮ್ಗೆ ಹೇಳಿದ್ದು, ಅಪ್ಪ, ಕಯಾಮತ್ತು, ಎಲ್ಲಾ? ನಾವಿಬ್ರೂ ಕೇಕು ತಿಂದ್ವಲ್ಲ ಅವತ್ತು?"

ಅಕ್ಕ ನನ್ನ ಕಡೆ ನೋಡಲಿಲ್ಲ. ಉಗುರು ನೋಡಿಕೊಂಡರು. "ನಂಗೇನು ನಿನ್ ಮೇಲೆ ದ್ವೇಷಾನಾ ಅನೋರ್‌ಗುಲ್? ನಿನ್ನನ್ನ ಬಜಾರಿನ ಧೂಳಿಂದ ಎತ್ಕೊಂಡು ಬಂದೋಳು ನಾನು. ಇದು ಬರೀ ಒಂದು ಕಾಗದ. ನಾಡಿದ್ದು ನಮ್ಮ ದೊಡ್ಡ ಗಿರಾಕಿ ಗುಲ್‌ಬಾರ್ಚಿನ್ ಮೇಡಂ ಬರ್ತಾರೆ. ಹೊಸ ಹಾರಕ್ಕೆ ಚಿರತೆ ಮಾಡೋದನ್ನ ಅವರ ಕಣ್ಣ್ ಮುಂದೆ ತೋರಿಸ್ಬೇಕು. ಟೀವಿಯವರೂ ಇರ್ತಾರೆ. ನೀನು ಕೂತು ಮೇಣ ತಿದ್ದು, ಮುಗುಳ್ನಗು, ಮಾತಾಡ್ಬೇಡ. ಅವರ ಮುಂದೇನೇ ಸಹಿ ಹಾಕು. ಚೆನ್ನಾಗಿರುತ್ತೆ."

"ಹಾಕ್ದಿದ್ರೆ?"

ವಕೀಲರು ಪೆನ್ನು ಮುಚ್ಚಿದರು. "ಪೊಲೀಸರಿಗೆ ಎರಡೇ ಮಾತು ಸಾಕಮ್ಮ. ಲ್ಯೂಲಿ ಹೆಂಗಸು, ಚಿನ್ನದ ಅಂಗಡಿ. ಮಿಕ್ಕಿದ್ದು ಅವರೇ ಬರ್ಕೋತಾರೆ."

ವ್ಯಾನಿನಲ್ಲಿ ನಿಂತುಕೊಂಡೇ ಮನೆಗೆ ಬಂದೆ. ಹೆದರಿಕೆಯೂ ಇತ್ತು, ಸಿಟ್ಟೂ ಇತ್ತು. ಅವ್ವ ಒಲೆಯ ಮುಂದೆ ಕೂತಿದ್ದಳು. ಆಕಿಮ್ ಅವಳ ತೊಡೆಯ ಮೇಲಿದ್ದ. ನಾನು ಎಲ್ಲ ಹೇಳಿ ಮುಗಿಸುವ ತನಕ ಅವ್ವ ಬೆಕ್ಕಿನ ಹರಿದ ಕಿವಿಯನ್ನು ಸವರುತ್ತಲೇ ಇದ್ದಳು.

"ಹಾಕು," ಅಂದಳು.

"ಏನವ್ವಾ?"

"ಸಹಿ ಹಾಕು. ಹಸಿದ ಹೊಟ್ಟೆಗೆ ಮೂರು ಬೆರಳಾದ್ರೇನು, ನಾಲ್ಕಾದ್ರೇನು? ಜೈಲಿಗೆ ಹೋದ್ರೆ ನಂಗೆ ರೊಟ್ಟಿ ಯಾರು ತರ್ತಾರೆ, ಈ ಆಕಿಮನಾ? ಮೊಹ್ಲಾರಳ ಎದೆಯಿಂದ ನರಿ ಬಿಚ್ಕೊಂಡು ಬಾ. ಕೇರಿ ಮುದುಕೀರ ಮುಳ್ಳುಹಂದೀನೂ ಕಿತ್ಕೊಂಡು ಬಾ. ಗೋರಿ ಅಗೆದ್ರೆ ನಿಮ್ಮಪ್ಪನ ಕೈಯೆಲುಬೂ ಸಿಗ್ಬೋದು. ಅದನ್ನೂ ಕೊಡು, ಕರಗಿಸ್ಲಿ."

ನಾನು ಅಳತೊಡಗಿದೆ.

"ಅಳ್ಬೇಡ. ಒಂದು ಮಾತು ಕೇಳು. ಸಹಿ ಹಾಕಕ್ಕೆ ಹೋಗೋವಾಗ ನಿಮ್ಮಪ್ಪನ ಉಳಿಗಳನ್ನ ಮನೇಲಿಟ್ಟು ಹೋಗು. ಅವು ಅಲ್ಲಿ ಕೂತು ಅದನ್ನ ಕೇಳಿಸ್ಕೊಳ್ಳೋದು ಬೇಡ."

ಅವ್ವನ ನಾಲಿಗೆ ಯಾವತ್ತೂ ಹಾಗೆಯೇ. ಹೋಗು ಅಂದರೆ ಹೋಗಬೇಡ ಎಂದು ಅರ್ಥ. ಅಪ್ಪನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡೇ ಹೋದೆ.

ಆ ದಿನ ಮಧ್ಯಾಹ್ನ ಅಂಗಡಿ ತುಂಬಿತ್ತು. ನನಗೆ ಕಸೂತಿಯ ಮೇಲಂಗಿ ತೊಡಿಸಿದರು, ತಲೆಗೆ ಎತ್ತರದ ಬಿಳಿ ಪೇಟ ಸುತ್ತಿದರು. ನಮ್ಮ ಕೇರಿಯಲ್ಲಿ ಯಾರೂ ತೊಡದ ವೇಷ. ದೀಪದ ಕೆಳಗೆ ಮೇಜಿನ ಮುಂದೆ ಕೂರಿಸಿದರು. ಮೇಜಿನ ಮೇಲೆ ನಾನು ಮೊದಲೇ ತಿದ್ದಿಟ್ಟ ಮೇಣದ ಚಿರತೆ, ಹಿಂಗಾಲಿನ ಬೆರಳು ಮಾತ್ರ ಬಾಕಿ. ಅದರ ಪಕ್ಕದಲ್ಲಿ ವಕೀಲರ ಕಾಗದ. ಹಿಂದೆ ಎರಕದ ಕೋಣೆಯ ಬಾಗಿಲಲ್ಲಿ ಗೆನ್ನಾದಿ.

ಮೇಣದ ಚೂರೊಂದನ್ನು ಬಾಯಿಗೆ ಹಾಕಿಕೊಂಡೆ. ಯಾರೂ ಗಮನಿಸಲಿಲ್ಲ. ಲ್ಯೂಲಿ ಹೆಂಗಸು ಏನಾದರೂ ಅಗಿಯುತ್ತಲೇ ಇರುತ್ತಾಳೆ ಅಂದುಕೊಂಡಿರಬೇಕು.

ಗುಲ್‌ಬಾರ್ಚಿನ್ ಮೇಡಂ ನನ್ನ ಎದುರು ಕೂತರು. ಗಣಿ ಯಜಮಾನನ ಹೆಂಡತಿ. ಬಹುಮಾನ ಬಂದ ಕಡಗವನ್ನು ಕೊಂಡವರು ಅವರೇ. ಅವರ ಮಣಿಕಟ್ಟಿನ ಮೇಲೆ ನನ್ನ ಆಕಿಮ್ ನೀಲದ ಕಣ್ಣು ಬಿಟ್ಟು ಮಲಗಿದ್ದ. ಅವರ ಮುಂದೆ ನೀಲಿ ಬಟ್ಟಲಲ್ಲಿ ಚಹಾ ಇತ್ತು. ಇನ್ನೂ ನಾಲ್ಕು ಬಟ್ಟಲುಗಳಲ್ಲಿ ಬೇರೆಯವರಿಗೆ ಸುರಿದಿಟ್ಟಿದ್ದರು.

ಅಕ್ಕ ಟೀವಿಯ ಕಡೆ ತಿರುಗಿ ಮಾತಾಡಿದರು. ಪರ್ವತ, ಹಿಮ, ಹನ್ನೊಂದು ದಿನ, ಚಿರತೆಯ ಕಣ್ಣು. ಆಮೇಲೆ ನನ್ನ ಹೆಗಲ ಮೇಲೆ ಕೈ ಇಡಲು ಬಂದು, ಹೆಗಲಿಗೆ ಒಂದು ಅಂಗುಲ ಮೇಲೆ ನಿಲ್ಲಿಸಿದರು. "ಇವಳು ನಮ್ಮ ಅನೋರ್‌ಗುಲ್. ಪಾಪ, ಏನೂ ಗೊತ್ತಿರಲಿಲ್ಲ. ಇವಳ ಜನ ಹೇಗೆ ಬದುಕ್ತಾರೆ ಅಂತ ನಿಮ್ಗೆಲ್ಲ ಗೊತ್ತೇ ಇದೆ. ನಾನೇ ಒಂದೊಂದು ಬೆರಳು ಹಿಡಿದು ಕಲಿಸ್ದೆ."

"ಎಷ್ಟು ದೊಡ್ಡ ಮನಸ್ಸು ನಿಮ್ದು," ಅಂದರು ಗುಲ್‌ಬಾರ್ಚಿನ್ ಮೇಡಂ. ನನ್ನ ಕಡೆ ಬಗ್ಗಿದರು. "ಮೇಡಂ ಏನೇನು ಕಲಿಸಿದ್ರಮ್ಮ ನಿಂಗೆ?"

ನಾನು ದವಡೆಯನ್ನು ಒತ್ತಿ ಹಿಡಿದೆ. ಬಾಯಲ್ಲಿ ಮೇಣ ಇತ್ತು.

"ನಾಚಿಕೆ ಅವಳಿಗೆ," ಎಂದು ಅಕ್ಕ ನಕ್ಕರು. "ಸಹಿ ಹಾಕ್ಬಿಡು ಅನೋರ್‌ಗುಲ್."

ವಕೀಲರು ಪೆನ್ನು ತೆರೆದು ಹಿಡಿದರು. ಮೇಣ ಹದಕ್ಕೆ ಬಂದದ್ದು ನಾಲಿಗೆಗೆ ತಿಳಿಯಿತು. ಎರಡು ಬೆರಳು ಬಾಯಿಗೆ ಹಾಕಿ ಅದನ್ನು ಹೊರಗೆ ತೆಗೆದೆ. ಜೊಲ್ಲಿನ ಎಳೆಯೊಂದು ದೀಪದ ಬೆಳಕಿನಲ್ಲಿ ಹೊಳೆಯಿತು. ಅಂಗೈ ಮೇಲಿಟ್ಟು ಅಕ್ಕನ ಮುಂದೆ ಚಾಚಿದೆ.

"ತಗೊಳ್ಳಿ ಅಕ್ಕಾ. ಹದ ಆಗಿದೆ. ಬೆರಳು ನೀವಿಡಿ."

ಅಕ್ಕನ ಕೈ ಬೆನ್ನ ಹಿಂದೆ ಹೋಯಿತು. ಮೆಲ್ಲಗೆ ಹೋಗಲಿಲ್ಲ. ಬಿಸಿ ಬಾಣಲೆ ಮುಟ್ಟಿದ ಹಾಗೆ ಹೋಯಿತು. ಟೀವಿಯವನ ಕ್ಯಾಮೆರಾ ಅದನ್ನು ನೋಡುತ್ತಿತ್ತು.

"ಏನಿದು ಅಸಹ್ಯ!" ಅಂದರು. "ಬಾಯಿಂದ ತೆಗೀತಿದೀಯಾ?"

"ಬಾಯಿಂದಲೇ ಅಲ್ವಾ ಅಕ್ಕಾ ತೆಗೆಯೋದು? ನೀವೇ ಕಲಿಸಿದ್ದಲ್ವಾ? ತಣ್ಣಗಾಗುತ್ತೆ, ಬೇಗ ತಗೊಳ್ಳಿ. ನಾಲ್ಕು ವರ್ಷದಿಂದ ನಿಮ್ಮ ಹದ್ದು, ನಿಮ್ಮ ಜಿಂಕೆ, ನಿಮ್ಮ ಚಿರತೆ ಎಲ್ಲಾ ಈ ಬಾಯಲ್ಲೇ ಬೆಂದಿದ್ದು. ಒಂದು ಹಲ್ಲೂ ಹೋಯ್ತು ನಂಗೆ. ನಿಮ್ಗೆಷ್ಟು ಹೋಯ್ತು?"

ಗುಲ್‌ಬಾರ್ಚಿನ್ ಮೇಡಂ ತಮ್ಮ ಮಣಿಕಟ್ಟನ್ನು ನೋಡಿಕೊಂಡರು. "ಇದೂನಾ?" ಎಂದು ಕೇಳಿದರು. ದನಿ ಸಣ್ಣದಾಗಿತ್ತು.

"ಅದೂ ಅಮ್ಮಾ. ಅದರಲ್ಲಂತೂ ರಕ್ತಾನೂ ಸೇರಿದೆ. ಇನ್ನೊಂದು ಮಾತು, ಅದು ಪರ್ವತದ್ದಲ್ಲ. ನಮ್ಮ ಕಸದ ಗುಡ್ಡದ ಬೆಕ್ಕು. ಬನ್ನಿ ಒಂದಿನ, ತೋರಿಸ್ತೀನಿ. ಮಾಂಸ ತಂದ್ರೆ ನಿಮ್ಮ ಹತ್ರಾನೂ ಬರುತ್ತೆ."

"ಸುಳ್ಳು!" ಅಂದರು ಅಕ್ಕ. "ಇವ್ಳಿಗೆ ತಲೆ ಕೆಟ್ಟಿದೆ. ಈ ಜನ ಇಷ್ಟೇ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನಂತೂ ಗೆನ್ನಾದಿ ಅಂದುಕೊಂಡಿರಲಿಲ್ಲ. ನಾಲ್ಕು ವರ್ಷ ನನ್ನ ಒಡೆದ ಬಟ್ಟಲನ್ನು ದಿನಾ ನೋಡಿಯೂ ಸುಮ್ಮನಿದ್ದ ಮನುಷ್ಯ. ಅವನು ಬಾಗಿಲಿಂದ ಕೆಮ್ಮಿದ. "ಸುಳ್ಳಲ್ಲ. ನಾನು ನೋಡಿದೀನಿ. ಎಲ್ಲಾನೂ ಅವಳೇ," ಅಂದ. ಅಂದು ಗಾಬರಿಯಾಗಿ ಒಳಗೆ ಓಡಿದ.

ಮೇಡಂ ಕೈಚೀಲದಿಂದ ಕಾಗದದ ಕರವಸ್ತ್ರ ತೆಗೆದು ಚಿರತೆಯನ್ನು ಒರೆಸತೊಡಗಿದರು. ಸಾವಿರ ಡಿಗ್ರಿಯಲ್ಲಿ ಕರಗಿ ಬಂದ ಚಿನ್ನವನ್ನು ಒರೆಸುತ್ತಿದ್ದರು.

ಅಂಗೈ ಮೇಲಿನ ಮೇಣ ತಣ್ಣಗಾಗುತ್ತಿತ್ತು. ಮೇಣವನ್ನು ದಂಡ ಮಾಡಬಾರದು ಅನ್ನುತ್ತಿದ್ದ ಅಪ್ಪ. ಸೊಂಟದಿಂದ ಅವನ ಉಳಿ ಬಿಚ್ಚಿದೆ. ಎಡ ಹಿಂಗಾಲಿಗೆ ನಾಲ್ಕನೆಯ ಬೆರಳು ಇಟ್ಟೆ, ಉಗುರು ತೀಡಿದೆ. ಬದುಕಿನಲ್ಲಿ ಮೊದಲ ಸಲ ಒಂದು ಪ್ರಾಣಿಯನ್ನು ಪೂರ್ತಿ ಮಾಡಿದೆ.

"ತಗೊಳ್ಳಿ," ಅಂದೆ. "ಇದು ಪೂರ್ತಿ ನಿಮ್ದು. ಒಂದು ಬೆರಳೂ ಕಡಿಮೆ ಇಲ್ಲ. ಕಯಾಮತ್ತಿನ ದಿನ ಇದಕ್ಕೆ ಉಸಿರು ಕೊಡು ಅಂತ ಅವನು ಕೇಳ್ತಾನಲ್ಲ, ಸರ್ಕಾರದ ಕಾಗದ ತೋರಿಸಿ. ನಮ್ಮಪ್ಪನ ನರಿ ಯಾರೂ ಕರಗಿಸಲ್ಲ. ಸಹಿ ನಾನು ಹಾಕಲ್ಲ. ಪೊಲೀಸರನ್ನ ಕರೀರಿ, ಇಲ್ಲೇ ಇರ್ತೀನಿ."

ಯಾರೂ ಕರೆಯಲಿಲ್ಲ. ನಾನು ಪೇಟ ಬಿಚ್ಚಿ ಮೇಜಿನ ಮೇಲಿಟ್ಟೆ, ಮೇಲಂಗಿ ತೆಗೆದು ಮಡಚಿಟ್ಟೆ. ಬಾಯಿ ಒಣಗಿತ್ತು. ಯಾರೂ ಮುಟ್ಟದ ಒಂದು ನೀಲಿ ಬಟ್ಟಲನ್ನು ಎತ್ತಿಕೊಂಡು ಚಹಾ ಕುಡಿದೆ. ಆರಿತ್ತು, ಆದರೂ ಚೆನ್ನಾಗಿತ್ತು. ಐದು ಬಟ್ಟಲನ್ನೂ ಒಟ್ಟು ಮಾಡಿ, ತೊಟ್ಟಿಯಲ್ಲಿ ಗಲಬರಿಸಿ, ಕಪಾಟಿನ ಮೇಲಿನ ಅರೆಯಲ್ಲಿ ಎಂದಿನಂತೆ ಬೋರಲು ಹಾಕಿದೆ. ನಾನು ಕುಡಿದದ್ದು ಯಾವುದು ಎಂದು ನನಗೇ ಗೊತ್ತಾಗಲಿಲ್ಲ. ಮುಂದಿನ ಬಾಗಿಲಿಂದ ಹೊರಗೆ ಬಂದೆ.

ಈಗ ನಾನು ಓಷ್‌ನ ಕೇರಿಯಲ್ಲಿದ್ದೇನೆ. ಅವ್ವನೂ ಇದ್ದಾಳೆ. ಆಕಿಮನನ್ನು ಚೀಲದಲ್ಲಿ ಹಾಕಿಕೊಂಡು ಬಂದೆವು, ದಾರಿಯುದ್ದಕ್ಕೂ ಬೈದುಕೊಂಡು ಬಂದ. ನಲ್ಲಿ, ಚಮಚ, ತಂತಿ ಸಿಕ್ಕಿದ್ದರಲ್ಲಿ ನರಿ ಮಾಡುತ್ತೇನೆ, ಒಂದು ಬೆರಳು ಕಡಿಮೆ ಇಟ್ಟು. ಟೀವಿಯವರು ಅವತ್ತಿನದನ್ನು ತೋರಿಸಲಿಲ್ಲ, ವಕೀಲರು ಕೇಸು ಹಾಕಲಿಲ್ಲ. ಹಾಕಿದರೆ ಬಾಯಿಯ ವಿಷಯವನ್ನು ಕೋರ್ಟಿನಲ್ಲಿ ಎಲ್ಲರ ಮುಂದೆ ಹೇಳಬೇಕಲ್ಲ.

ಹೋದ ವಾರ ಗೆನ್ನಾದಿ ಫೋನು ಮಾಡಿದ್ದ. ಅವನಿಗೂ ಅಲ್ಲಿ ಕೆಲಸ ಹೋಗಿದೆ.

"ನೀನು ಹೋದ ಮೇಲೆ ಅಕ್ಕ ಆ ನೀಲಿ ಬಟ್ಟಲು ಐದನ್ನೂ ಕಸಕ್ಕೆ ಎಸೆಸಿದ್ರು ಕಣೇ," ಅಂದ. "ಯಾವುದು ಅಂತ ಗೊತ್ತಾಗ್ಲಿಲ್ವಲ್ಲ."

"ಚಿರತೆಗಳು?" ಎಂದು ಕೇಳಿದೆ. "ಹದ್ದು, ಜಿಂಕೆ? ಆ ಗುಲ್‌ಬಾರ್ಚಿನ್ ಮೇಡಂ ಕಡಗ?"

"ಅವು ಚಿನ್ನ ಅಲ್ವೇನೇ," ಅಂದ. "ಅವನ್ಯಾರು ಎಸೀತಾರೆ?"